ಸೊಗಡಿನ ಸಂಜೆಗಳು

ಡಿಸೆಂಬರ್ 22ರ ಆಸುಪಾಸಿನಿಂದ ಹಗಲು ಬೆಳೆಯುತ್ತದೆ, ನಿಜ. ಆದರೆ ಬೆಂಗಳೂರಿನ ಸೂರ್ಯ ಮಹಾ ಸೋಮಾರಿ. ಜನವರಿ ಮಧ್ಯ ದಾಟಿದರೂ ತಡವಾಗಿಯೇ ಏಳುತ್ತಾನೆ. ಹೆಚ್ಚುವರಿ ಬೆಳಕನ್ನೆಲ್ಲ ಸಂಜೆಗೆ ಸುರಿಯುತ್ತಾನೆ. ಅವರೆಕಾಯಿ ಸುಲಿಯಲೆಂದೇ ಇರಬೇಕು. ಸೊಗಡು ಅಂಟಿದ ಕೈಯಲ್ಲಿ ಮೊಬೈಲ್ ಮುಟ್ಟುವಂತಿಲ್ಲ, ಹಾಗಾಗಿ ಮನೆಮಂದಿ ಪರಸ್ಪರ ಮಾತಾಡುತ್ತಾರೆ! ನೆನೆಸಿದ ಕಾಳನ್ನು ಒಂದೊಂದಾಗಿ ಹಿತುಕಿದರೆ ಅರ್ಧ ಚಿಮ್ಮಿ ಸೋಫಾದಡಿ ಸೇರುತ್ತದೆ. ಉಳಿದದ್ದು ಹಿತಕಿದಬೇಳೆ ಸಾರು.

ವೀಗನ್ ಆದೆನೆಂದು ಘೋಷಿಸಿದ ಅಕ್ಕನ ಮಗ ಬಾದಾಮಿ ಹಾಲು ಹುಡುಕುತ್ತಿದ್ದ. "ರಾಗಿಮುದ್ದೆ, ಅವರೆಸಾರು, ಸಂಕ್ರಾಂತಿಗೆ ಎಳ್ಳು-ಬೆಲ್ಲ. ಇದರಲ್ಲೆಲ್ಲಿದೆಯೋ ಹಾಲು?" ಅಂದಳು ಅಕ್ಕ. ಅವನು ಎರಡನೇ ಮುದ್ದೆಗೆ ಕೈಹಾಕಿ ಮೆಲ್ಲಗೆ ಹೇಳಿದ: "ಅಮ್ಮಾ, ಒಂಚೂರು ತುಪ್ಪ ಹಾಕು."