ಟೆಸ್ಟ್ ಗುಂಡಿಯೂ ಹೊಸಪೇಟೆಯ ಮಾವನವರೂ

ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ವಿದ್ಯುತ್ ತೊಂದರೆಗಳನ್ನು ಪರಿಶೀಲಿಸಿದರೆ, ಅವುಗಳಲ್ಲಿ ಗಣನೀಯ ಪಾಲು ವೈರಿಂಗಿನ ದೋಷದಿಂದಲ್ಲ, ಆರು ತಿಂಗಳ ಮಟ್ಟಿಗೆ ಬಂದಿಳಿಯುವ ಮಾವನವರ ಶಿಸ್ತಿನಿಂದ ಹುಟ್ಟಿದವು ಎಂಬುದು ಮನದಟ್ಟಾಗುತ್ತದೆ. ಹೊಸಪೇಟೆ, ಸಂಡೂರು, ಕಂಪ್ಲಿ ಕಡೆಯ ಮನೆಗಳಲ್ಲಿ ಪ್ಲಗ್ ಪಾಯಿಂಟಿನ ಪಕ್ಕದಲ್ಲೇ ಸ್ವಿಚ್ ಇರುತ್ತದೆ. ಅದನ್ನು ಆರಿಸದೆ ಎದ್ದುಹೋಗಿ ಹಿರಿಯರಿಂದ ಬೈಸಿಕೊಳ್ಳದೆ ಬೆಳೆದವರು ಆ ಸೀಮೆಯಲ್ಲಿ ಅಪರೂಪ. ಅಮೆರಿಕದ ಗೋಡೆಗಳಲ್ಲಿ ಆ ಸ್ವಿಚ್ ಸಾಮಾನ್ಯವಾಗಿ ಇರುವುದಿಲ್ಲ. ಅಡುಗೆಮನೆ, ಬಚ್ಚಲು, ಗ್ಯಾರೇಜುಗಳ ಕೆಲವು ಪ್ಲಗ್ ಪಾಯಿಂಟುಗಳಲ್ಲಿ ಮಾತ್ರ ಎರಡು ಪುಟ್ಟ ಗುಂಡಿಗಳಿದ್ದು, ಕನ್ನಡಕವಿಲ್ಲದೆ ಓದಲಾಗದ ಅಕ್ಷರಗಳಲ್ಲಿ ಒಂದರ ಮೇಲೆ ‘ಟೆಸ್ಟ್’, ಇನ್ನೊಂದರ ಮೇಲೆ ‘ರೀಸೆಟ್’ ಎಂದು ಅಚ್ಚಾಗಿರುತ್ತದೆ. ಮಾವನವರು ಇವುಗಳನ್ನು ಆಫ್ ಮತ್ತು ಆನ್ ಎಂದು ಗ್ರಹಿಸುವುದರಲ್ಲಿ ತರ್ಕದೋಷವೇನೂ ಇಲ್ಲ.

ಈ ಸಾಧನಕ್ಕೆ ಗ್ರೌಂಡ್ ಫಾಲ್ಟ್ ಸರ್ಕ್ಯೂಟ್ ಇಂಟರಪ್ಟರ್, ಚಿಕ್ಕದಾಗಿ ಜಿಎಫ್‌ಸಿಐ, ಎಂದು ಹೆಸರು. ಕರೆಂಟು ದಾರಿ ತಪ್ಪಿ ನೆಲಕ್ಕೆ ಸೋರತೊಡಗಿದರೆ ಸರಬರಾಜನ್ನು ಕಡಿದುಹಾಕುವುದು ಇದರ ಕೆಲಸ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಚಾರ್ಲ್ಸ್ ಡಾಲ್ಜಿಯಲ್ 1961ರಲ್ಲಿ ಇದನ್ನು ರೂಪಿಸಿದರು. ಮಳೆಗಾಲದಲ್ಲಿ ಟಿ.ಬಿ. ಡ್ಯಾಮಿನ ಒಳಹರಿವು, ಹೊರಹರಿವುಗಳ ಕ್ಯೂಸೆಕ್ ಲೆಕ್ಕವನ್ನು ಪತ್ರಿಕೆಯಲ್ಲಿ ನೋಡಿದ ಮೇಲೆಯೇ ಚಹಾ ಮುಟ್ಟುವ, 2024ರ ಆಗಸ್ಟಿನಲ್ಲಿ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ನಿದ್ದೆಗೆಟ್ಟ ಹೊಸಪೇಟೆಯವರಿಗೆ ಇದರ ತತ್ತ್ವ ಹೊಸದಲ್ಲ: ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್ಲಿನಲ್ಲಿ ಅಷ್ಟೇ ಮರಳಿತೇ ಎಂದು ಸಾಧನ ತಾಳೆ ನೋಡುತ್ತಿರುತ್ತದೆ, ಸುಮಾರು 5 ಮಿಲಿಆಂಪಿಯರ್ ಕಡಿಮೆ ಬಿದ್ದರೂ ಅದು ಯಾರದೋ ಒದ್ದೆ ಕೈಯ ಮೂಲಕ ಹರಿಯುತ್ತಿರಬೇಕೆಂದು ತೀರ್ಮಾನಿಸಿ ಕಣ್ಣು ಮಿಟುಕಿಸುವುದರೊಳಗೆ ಟ್ರಿಪ್ ಆಗುತ್ತದೆ. ನಮ್ಮ ಕಡೆ ಮೇನ್ ಬೋರ್ಡಿನಲ್ಲಿ ಕೂರುವ ಆರ್‌ಸಿಸಿಬಿಯೂ ಇದೇ ಕುಲದ್ದು. ಸಾಮಾನ್ಯವಾಗಿ ಅದರ ಮಿತಿ 30 ಮಿಲಿಆಂಪಿಯರ್, ಮುನಿದರೆ ಇಡೀ ಮನೆಗೇ ಕತ್ತಲೆ. ಅಮೆರಿಕದ ವೈರಿಂಗ್ ಸಂಹಿತೆ 1975ರಲ್ಲಿ ಬಚ್ಚಲುಮನೆಗೂ, 1987ರಲ್ಲಿ ಅಡುಗೆಮನೆಗೂ ಈ ರಕ್ಷಣೆಯನ್ನು ವಿಧಿಸಿತು. ಬಚ್ಚಲಿನಲ್ಲಿ ಪ್ಲಗ್ ಪಾಯಿಂಟೇ ಏಕೆ, ಹಂಪಿಯ ರಾಣಿಯರಿಗೆ ಅದಿಲ್ಲದೆಯೂ ಸ್ನಾನವಾಗಿತ್ತಲ್ಲ ಎಂಬ ಮಾವನವರ ಪ್ರಶ್ನೆಗೆ ಸಂಹಿತೆಯಲ್ಲಿ ಉತ್ತರವಿಲ್ಲ.

ಟೆಸ್ಟ್ ಗುಂಡಿಯನ್ನು ಒತ್ತಿದಾಗ ಸಾಧನದೊಳಗೇ ಬೇಕೆಂದು ಕೊಂಚ ಸೋರಿಕೆಯುಂಟಾಗಿ ಅದು ಟ್ರಿಪ್ ಆಗುತ್ತದೆ. ತಿಂಗಳಿಗೊಮ್ಮೆ ಹೀಗೆ ಪರೀಕ್ಷಿಸಬೇಕೆಂಬ ತಯಾರಕರ ಸೂಚನೆಯನ್ನು ಪಾಲಿಸುವವರು ವಿರಳ. ಮಾವನವರಾದರೋ ಮಿಕ್ಸಿಯಲ್ಲಿ ಶೇಂಗಾ ಚಟ್ನಿಪುಡಿ ಆಡಿಸಿದಾಗಲೆಲ್ಲ ತಮಗರಿವಿಲ್ಲದೆಯೇ ಪಾಲಿಸುತ್ತಾರೆ. ಒಂದೇ ಜಿಎಫ್‌ಸಿಐ ತನ್ನಿಂದ ಮುಂದಕ್ಕೆ ಜೋಡಿಸಿದ ಪ್ಲಗ್ ಪಾಯಿಂಟುಗಳನ್ನೂ ಕಾಯುವುದರಿಂದ, ಕಟ್ಟೆಯ ಇನ್ನೊಂದು ತುದಿಯ ಎಲೆಕ್ಟ್ರಿಕ್ ಕುಕ್ಕರಿನಲ್ಲಿ ಅಕ್ಕಿ ನೆನೆದು ಹಾಗೆಯೇ ಕುಳಿತಿರುತ್ತದೆ. ಕಂಪ್ಲಿಯ ಗದ್ದೆಗಳ ನಡುವೆ ಬೆಳೆದ ಅತ್ತೆಯವರು ಅಕ್ಕಿಯ ಕುಲಗೋತ್ರವನ್ನೇ ಶಂಕಿಸುತ್ತಾರೆ. ಮಾವನವರು ಊರಿನ ಪದ್ಧತಿಯಂತೆ ಹೊರಗೆ ಬಂದು ಪಕ್ಕದ ಮನೆಯಲ್ಲಿ ಕರೆಂಟ್ ಇದೆಯೇ ಎಂದು ಇಣುಕುತ್ತಾರೆ. ನಡುಹಗಲಿನಲ್ಲಿ ತನ್ನ ಕಿಟಕಿಯತ್ತಲೇ ದಿಟ್ಟಿಸುವ ಪಂಚೆಯುಟ್ಟ ಹಿರಿಯರಿಗೆ ನೆರೆಯ ಅಮೆರಿಕನ್ ಕೈಬೀಸುತ್ತಾನೆ.

ಸಾಫ್ಟ್‌ವೇರ್ ವೃತ್ತಿಯ ಅಳಿಯಂದಿರು, ಹಾಳಾದದ್ದು ಸಾಧನವೇ ಎಂದು ನಿರ್ಧರಿಸಿ ಹೊಸದನ್ನು ತರುತ್ತಾರೆ. ಬ್ರೇಕರ್ ಆರಿಸಿ, ಟೆಸ್ಟರಿನಿಂದ ಖಚಿತಪಡಿಸಿಕೊಳ್ಳುವವರೆಗೆ ಎಲ್ಲವೂ ಸುಸೂತ್ರ. ಹಿಂಬದಿಯಲ್ಲಿ ‘ಲೈನ್’ ಎಂದಿರುವ ತಿರುಪುಗಳಿಗೆ ಬೋರ್ಡಿನಿಂದ ಬರುವ ತಂತಿಗಳನ್ನೂ, ಹಳದಿ ಟೇಪಿನಡಿಯ ‘ಲೋಡ್’ ತಿರುಪುಗಳಿಗೆ ಮುಂದಕ್ಕೆ ಹೋಗುವ ತಂತಿಗಳನ್ನೂ ಸೇರಿಸಬೇಕು. ಅದಲುಬದಲಾದರೆ ಈಚಿನ ಸಾಧನಗಳು ರೀಸೆಟ್ ಆಗಲು ಒಪ್ಪುವುದೇ ಇಲ್ಲ. ಅದಲುಬದಲಾಗುತ್ತದೆ. ತಂತಿಗಳನ್ನು ತಿರುಗಿಸಿ ಹಾಕಿ, ಕುಕ್ಕರ್ ಉರಿಯತೊಡಗಿ, ಅಳಿಯಂದಿರು ಸ್ಕ್ರೂಡ್ರೈವರ್ ಕೆಳಗಿಡುವಷ್ಟರಲ್ಲಿ ಮಾವನವರು ಮಿಕ್ಸಿ ನಿಲ್ಲಿಸಿ ಟೆಸ್ಟ್ ಒತ್ತುತ್ತಾರೆ.

ಅಂದೇ ಗುಂಡಿಯ ಮೇಲೆ ‘ಮುಟ್ಟಬಾರದು’ ಎಂಬ ಚೀಟಿ ಅಂಟುತ್ತದೆ. ಆರಿಸಲು ಏನೂ ಉಳಿಯದ ಮಾವನವರು, ಭಾನುವಾರ ಎಲ್ಲರೂ ದೇವಸ್ಥಾನಕ್ಕೆಂದು ಕಾರು ಹತ್ತಿದ ಮೇಲೂ ಹೊಸ್ತಿಲಲ್ಲೇ ನಿಂತು ಕೇಳುತ್ತಾರೆ: “ಅಳಿಯಂದ್ರೇ, ಮೇನ್ ಸ್ವಿಚ್ ಎಲ್ಲೈತ್ರಿ?”