ನೆಟ್ಟಗಿನ ಕುತ್ತಿಗೆ

ಚಿಕ್ಕಂದಿನಲ್ಲಿ ನಾನು ತಿಂದ ಬೈಗುಳದಲ್ಲಿ ಮುಕ್ಕಾಲುಪಾಲು ‘ನೆಟ್ಟಗ ಕೂಡ್ರೊ’ ಎಂಬುದೇ. ಮಾಸ್ತರು ಬೆತ್ತ ಆಡಿಸುತ್ತ ಹೇಳಿದರು, ಅಪ್ಪ ಊಟದ ಪಂಕ್ತಿಯಲ್ಲಿ ಹೇಳಿದರು, ಕೊನೆಗೆ ಮದುವೆಯ ಫೋಟೊ ತೆಗೆಯಲು ಬಂದವನೂ ಹೇಳಿದ. ಇಷ್ಟು ಜನರ ಶ್ರಮ ನೀರುಪಾಲಾಗಿಲ್ಲ ಎಂಬುದಕ್ಕೆ ಐವತ್ತು ದಾಟಿದ ಮೇಲೆ ಪುರಾವೆ ಸಿಕ್ಕಿತು. ಎಕ್ಸ್‌ರೇ ಪ್ರಕಾರ ನನ್ನ ಕುತ್ತಿಗೆಯ ಎಲುಬು ನೆಟ್ಟಗಿದೆ. ವರದಿ ಬರೆದವರ ಧಾಟಿ ಮಾತ್ರ ಹೊಗಳಿಕೆಯದಾಗಿರಲಿಲ್ಲ. ಕತ್ತಿನ ಸಹಜವಾದ ಬಾಗು ನಷ್ಟವಾಗಿದೆಯಂತೆ, ಸ್ನಾಯು ಸೆಳೆತ ಇರಬಹುದಂತೆ. ಜೀವಮಾನದಲ್ಲಿ ನಾನು ಅನುಭವಿಸಿದ ನಷ್ಟಗಳ ಪಟ್ಟಿಯಲ್ಲಿ ಇದೊಂದು ಬಾಕಿಯಿತ್ತು.

ಇದಕ್ಕೆಲ್ಲ ಮೂಲ ಒಂದು ದಿಂಬು. ಖಾನಾಪುರದ ಬೀಗರು ವಸ್ತಿ ಇದ್ದರು. ಅತಿಥಿ ಸತ್ಕಾರದ ಹುಮ್ಮಸ್ಸಿನಲ್ಲಿ ನನ್ನ ಮೆತ್ತನೆಯ ದಿಂಬನ್ನು ಅವರಿಗೆ ಕೊಟ್ಟು, ಅಟ್ಟದಿಂದ ಇಳಿಸಿದ ಹತ್ತಿಯ ಗಟ್ಟಿ ದಿಂಬಿಗೆ ತಲೆ ಕೊಟ್ಟೆ. ಬೆಳಿಗ್ಗೆ ಕುತ್ತಿಗೆ ಹಿಡಿದಿತ್ತು. ಎಡಕ್ಕೆ ನೋಡಬೇಕಾದರೆ ಮೈಯೆಲ್ಲ ತಿರುಗಿಸಬೇಕು. ಬೆಳಗಾವಿಯ ನಮ್ಮ ಮಹಾಂತೇಶ ನಗರದಲ್ಲಿ ಹಾಲು ತರಲು ಹೊರಟರೆ ನಾಲ್ಕು ಕಡೆಯಿಂದ ನಮಸ್ಕಾರ ಬರುತ್ತವೆ. ಎದುರಿಗೆ ಬಂದವಕ್ಕೆ ಮಾತ್ರ ಮರುನಮಸ್ಕಾರ ಸಂದಾಯವಾಯಿತು. ಸಂಜೆಯ ಹೊತ್ತಿಗೆ ಪಕ್ಕದ ಮನೆಯಾಕೆ ನನ್ನ ಹೆಂಡತಿಯನ್ನು ಕೇಳಿದ್ದಾಯಿತು: “ಯಾಕ್ರಿ ವೈನಿ, ನಿಮ್ಮನಿಯವರಿಗೆ ಪ್ರಮೋಷನ್ ಆಗೇತೇನ? ಕುತ್ತಿಗಿ ಹೊಳ್ಳಸವಲ್ರು!”

ಆಮೇಲೆ ನಮ್ಮ ಕಟ್ಟೆಯ ಮೇಲೆ ವೈದ್ಯಮಂಡಳಿ ನೆರೆಯಿತು. ಒಬ್ಬರು ಮೊಬೈಲನ್ನು ದೂಷಿಸಿದರು, ಇನ್ನೊಬ್ಬರು ದಿಂಬನ್ನೇ ತ್ಯಜಿಸಲು ಹೇಳಿದರು, ಮತ್ತೊಬ್ಬರು ತಾವು ಬಳಸಿ ಬಿಟ್ಟ ಕುತ್ತಿಗೆ ಪಟ್ಟಿಯನ್ನು ತಂದೇ ಬಿಟ್ಟರು. ಕುಂದಾ ತಿನ್ನುತ್ತ ಕೊಡುವ ವೈದ್ಯಕೀಯ ಸಲಹೆಗೆ ಬೆಳಗಾವಿಯಲ್ಲಿ ಎಂದೂ ಬರಗಾಲವಿಲ್ಲ.

ಕೊನೆಗೆ ಎಕ್ಸ್‌ರೇ ತೆಗೆಸಲು ಹೋದೆ. ಅಲ್ಲಿಯ ಹುಡುಗ ನನ್ನನ್ನು ತಣ್ಣನೆಯ ಫಲಕದ ಪಕ್ಕ ಅಡ್ಡವಾಗಿ ನಿಲ್ಲಿಸಿದ. “ಭುಜ ಕೆಳಗ ಬಿಡ್ರಿ ಅಜ್ಜಾರ. ಗದ್ದ ಸ್ವಲ್ಪ ಇಳಸ್ರಿ. ಹಾಂ, ಅಳ್ಳಾಡಬ್ಯಾಡ್ರಿ.” ‘ಅಜ್ಜಾರ’ ಎಂಬ ಪೆಟ್ಟಿನಿಂದ ಚೇತರಿಸಿಕೊಳ್ಳುವಷ್ಟರಲ್ಲಿ ಚಿತ್ರ ಮುಗಿದಿತ್ತು. ಆ ಗದ್ದದ ಸಂಗತಿ ಸಣ್ಣದಲ್ಲ ಎಂದು ಎಲುಬಿನ ಡಾಕ್ಟರು ಆಮೇಲೆ ವಿವರಿಸಿದರು. ಗದ್ದವನ್ನು ತುಸು ಇಳಿಸಿದರೆ ಸಾಕು, ಬಾಗಿದ ಕುತ್ತಿಗೆಯೂ ಫಿಲ್ಮಿನಲ್ಲಿ ನೆಟ್ಟಗೆ ಕಾಣಬಹುದು. ನಿಂತರೆ ಒಂದು ರೂಪ, ಮಲಗಿದರೆ ಇನ್ನೊಂದು.

ಕುತ್ತಿಗೆಯಲ್ಲಿ ಇರುವವು ಏಳು ಎಲುಬು. ಜಿರಾಫೆಗೂ ಏಳೇ, ಅದರದ್ದು ಉದ್ದ ಅಷ್ಟೇ. ತುತ್ತತುದಿಯ ಎಲುಬಿಗೆ ಆಕಾಶ ಹೊತ್ತ ಗ್ರೀಕರ ಅಟ್ಲಾಸನ ಹೆಸರಿದೆ. ನಮ್ಮವರು ನಾಮಕರಣ ಮಾಡಿದ್ದರೆ ಆದಿಶೇಷ ಎನ್ನುತ್ತಿದ್ದರೇನೊ. ಏಳನೆಯದನ್ನು ನೀವೇ ಮುಟ್ಟಿ ನೋಡಬಹುದು: ತಲೆ ಬಗ್ಗಿಸಿ, ಅಂಗಿಯ ಕಾಲರಿನ ಹತ್ತಿರ ಬೆರಳಾಡಿಸಿದರೆ ಒಂದು ಉಬ್ಬು ಸಿಗುತ್ತದೆ, ಬಹಳ ಜನರಲ್ಲಿ ಅದೇ ಏಳನೆಯದು. ಈ ಏಳರ ಮೇಲೆ ಸುಮಾರು 5 ಕಿಲೊ ತೂಗುವ ತಲೆ. ಒಳಗೆ ಏನಿದೆ, ಏನಿಲ್ಲ ಎಂಬುದು ಬೇರೆ ವಿಚಾರ.

ಕೂಸು ಬೋರಲು ಬಿದ್ದು ತಲೆ ಎತ್ತಲು ಕಲಿಯುವಾಗ ಕತ್ತಿನ ಮುಂಬಾಗು ಎದ್ದು ಕಾಣತೊಡಗುತ್ತದೆ. ಅದು ಇಷ್ಟೇ ಇರಬೇಕು ಎಂದು ಬ್ರಹ್ಮ ಎಲ್ಲಿಯೂ ಬರೆದಿಟ್ಟಂತಿಲ್ಲ. ಪುಸ್ತಕಗಳು 20ರಿಂದ 40 ಡಿಗ್ರಿ ಎಂದು ಹೇಳುವುದುಂಟು. ಆದರೆ ನೋವಿನ ಗೊಡವೆಯೇ ಇಲ್ಲದೆ ಓಡಾಡಿಕೊಂಡಿರುವ ಎಷ್ಟೋ ಜನರ ಕುತ್ತಿಗೆ ನೆಟ್ಟಗಿರುತ್ತದೆ, ಕೆಲವರದು ತುಸು ಹಿಮ್ಮುಖವಾಗಿಯೂ ಬಾಗಿರುತ್ತದೆ. ಸಂತೆಯ ಬುಟ್ಟಿಯಲ್ಲಿ ಒಂದೇ ಬಳ್ಳಿಯ ಸೌತೆಕಾಯಿ ಕೆಲವು ನೆಟ್ಟಗೆ, ಕೆಲವು ಡೊಂಕಾಗಿ ಇರುವುದಿಲ್ಲವೆ? ಕೊಯ್ದರೆ ರುಚಿ ಒಂದೇ. ಬೆನ್ನಿನ ಮೇಲ್ಭಾಗ ಎಷ್ಟು ಮುಂದೆ ವಾಲಿದೆ ಎಂಬುದರ ಮೇಲೆ ಕುತ್ತಿಗೆಯ ಲೆಕ್ಕ ನಿಂತಿದೆ. ಬೆನ್ನು ಗೂನಾದಷ್ಟೂ ದೃಷ್ಟಿ ಮುಂದಕ್ಕಿರಲು ಕುತ್ತಿಗೆ ಹೆಚ್ಚು ಬಾಗಬೇಕು. ಬೆನ್ನು ಚಪ್ಪಟೆಯಾಗಿದ್ದರೆ ಆ ಕಷ್ಟ ಬೇಕಿಲ್ಲ. ಮುಪ್ಪಿನಲ್ಲಿ ಕುತ್ತಿಗೆಯ ಬಾಗು ಎಷ್ಟೋ ಸಲ ಹೆಚ್ಚುತ್ತದೆ. ಅಂದರೆ ನನ್ನ ‘ನಷ್ಟ’ವನ್ನು ವಯಸ್ಸೇ ಬಡ್ಡಿಸಮೇತ ತುಂಬಿಕೊಟ್ಟೀತು.

ಸ್ನಾಯು ಸೆಳೆತದ ಆರೋಪಕ್ಕೂ ಸಾಕ್ಷಿ ದುರ್ಬಲ. 1994ರಲ್ಲಿ ಇಂಗ್ಲೆಂಡಿನ ವೈದ್ಯರು ಕುತ್ತಿಗೆ ನೋವಿದ್ದವರ ಮತ್ತು ನೋವಿಲ್ಲದವರ ಎಕ್ಸ್‌ರೇಗಳನ್ನು ಹೋಲಿಸಿದರು. ನೆಟ್ಟಗಿನ ಕುತ್ತಿಗೆ ನೋವಿದ್ದವರಲ್ಲೇ ಹೆಚ್ಚು ಎಂದು ಅವರಿಗೆ ಕಾಣಲಿಲ್ಲ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು ಕಂಡಿತು. ಇದನ್ನು ಮನೆಯಲ್ಲಿ ಹೇಳಿದೆ. “ನೆಟ್ಟಗಿರೂದು ನಮಗ ಹೊಸಾದಲ್ಲ ಬಿಡ್ರಿ,” ಎಂಬ ಉತ್ತರ ಅಡುಗೆಮನೆಯಿಂದ ಬಂತು.

ಬೀಗರನ್ನು ಬಿಟ್ಟುಬರಲು ಖಾನಾಪುರಕ್ಕೆ ಹೋದಾಗ ಕಂಡಕಂಡವರ ಕುತ್ತಿಗೆ ನೋಡುವ ಚಟ ಅಂಟಿಕೊಂಡಿತ್ತು. ಒಬ್ಬ ಅವ್ವ ಸಿಂಬಿಯ ಮೇಲೆ ಬುಟ್ಟಿ ಹೊತ್ತು, ಕೈ ಬೀಸಿಕೊಂಡು, ಹಿಂದಿನಿಂದ ಬಂದ ಬಸ್ಸಿಗೆ ಕ್ಯಾರೇ ಅನ್ನದೆ ರಸ್ತೆ ದಾಟಿದಳು. ಅವಳ ಎಲುಬು ಬಾಗಿತ್ತೊ ನೆಟ್ಟಗಿತ್ತೊ ಹೊರಗಿನಿಂದ ಹೇಳಲಾಗದು. ಅವಳಿಗಂತೂ ಅದನ್ನು ತಿಳಿಯುವ ದರ್ದು ಇದ್ದಂತಿರಲಿಲ್ಲ.

ನನ್ನ ಕುತ್ತಿಗೆ ಬಿಸಿನೀರಿನ ಶಾಖಕ್ಕೆ, ಡಾಕ್ಟರು ಹೇಳಿದ ಸಣ್ಣ ವ್ಯಾಯಾಮಕ್ಕೆ, ನನ್ನ ಮೆತ್ತನೆಯ ದಿಂಬಿಗೆ ಮಣಿದು ಮೆಲ್ಲನೆ ಸಡಿಲಾಯಿತು. ಇನ್ನೊಂದು ಎಕ್ಸ್‌ರೇ ತೆಗೆಸಿದರೆ ಅದೇ ನೆಟ್ಟಗಿನ ಎಲುಬು ಕಂಡೀತು. ನಿಮ್ಮ ವರದಿಯಲ್ಲೂ ಬಾಗು ಹೋಗಿದೆ ಎಂದಿದ್ದರೆ, ಆ ಒಂದು ಸಾಲಿಗೆ ಹೆದರಿ ಕುತ್ತಿಗೆ ಪಟ್ಟಿ ಕೊಳ್ಳಲು ಓಡಬೇಡಿ. ಕೈ ಜೋಮು ಹಿಡಿಯುತ್ತಿದ್ದರೆ, ಹಿಡಿದ ಲೋಟ ಜಾರುತ್ತಿದ್ದರೆ, ನಡಿಗೆ ತಪ್ಪುತ್ತಿದ್ದರೆ ಅಥವಾ ಬಿದ್ದು ಪೆಟ್ಟಾಗಿದ್ದರೆ ಮಾತ್ರ ನಮ್ಮ ಕಟ್ಟೆಗೆ ಬರದೆ ನೇರ ಡಾಕ್ಟರ ಹತ್ತಿರ ಹೋಗಿ.