ಹಿಂದೆ ಎರಡು, ಮುಂದೆ ಒಂದು

ಹಿರಿಯೂರಿನಲ್ಲಿ ಪಿಕಪ್ ಗಾಡಿ ಖಾಲಿಯೋ ತುಂಬಿದೆಯೋ ಎಂದು ತಿಳಿಯಲು ಟಾರ್ಪಾಲು ಎತ್ತಿ ಇಣುಕಬೇಕಿಲ್ಲ. ಪಕ್ಕದಿಂದ ನೋಡಿದರೆ ಸಾಕು. ಹಿಂಭಾಗ ಆಕಾಶಕ್ಕೆತ್ತಿ, ಮೂತಿ ನೆಲಕ್ಕೆ ಹಾಕಿ, ಹುಲ್ಲು ಮೂಸುವ ಹೋರಿಯ ಹಾಗೆ ನಿಂತಿದ್ದರೆ ಖಾಲಿ. ನೆಟ್ಟಗೆ, ಸಮವಾಗಿ, ಸಭ್ಯಸ್ಥನ ಹಾಗೆ ನಿಂತಿದ್ದರೆ ಆರ್‌ಸಿಯಲ್ಲಿ ಬರೆದದ್ದರ ಹತ್ತಿರಹತ್ತಿರ ಎರಡು ಪಟ್ಟು ಸರಕು ಅದರ ಬೆನ್ನ ಮೇಲಿದೆ. ಕಾನೂನು ಮುರಿದಾಗ ಮಾತ್ರ ನೆಟ್ಟಗಾಗುವ ವಾಹನ ಇದು. ನಮ್ಮೂರಿನದೇ ಆವಿಷ್ಕಾರ ಎಂದು ಬೀಗೋಣವೆಂದರೆ ಚಳ್ಳಕೆರೆ, ಹೊಸದುರ್ಗದವರು ಪಾಲು ಕೇಳಲು ಬರುತ್ತಾರೆ.

ನಮ್ಮ ಚಿಕ್ಕಪ್ಪನ ಮಗ ಹೊಸ ಪಿಕಪ್ ತಂದ. ತೇರುಮಲ್ಲೇಶ್ವರನ ಗುಡಿ ಮುಂದೆ ಪೂಜೆ ಮಾಡಿಸಿ, ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಕೊಟ್ಟು, ಅಲ್ಲಿಂದ ಮನೆಗೆ ಬರಲಿಲ್ಲ. ಸೀದಾ ಕಮಾನು ಪಟ್ಟಿ ಕಟ್ಟುವ ಮೇಸ್ತ್ರಿ ಹತ್ತಿರ ಹೋದ. ಕುಂಕುಮದ ತಟ್ಟೆ ಹಿಡಿದುಕೊಂಡು ನಾನೂ ಪಕ್ಕದ ಸೀಟಿನಲ್ಲಿದ್ದೆ.

"ಎಷ್ಟು ಹಾಕ್ಲಿ?" ಎಂದ ಮೇಸ್ತ್ರಿ.

"ಎಲ್ರೂ ಎಷ್ಟು ಹಾಕಿಸ್ತಾರೆ?"

"ಎರಡು ಹಾಕಿಸ್ತಾರಣ್ಣ."

ತಾಂತ್ರಿಕ ಸಮಾಲೋಚನೆ ಅಷ್ಟಕ್ಕೇ ಮುಗಿಯಿತು. ನನಗೆ ಬಾಯಿ ಸುಮ್ಮನಿರಲಿಲ್ಲ. "ಕಂಪನಿಯವರು ಲೆಕ್ಕ ಹಾಕಿಯೇ ಪಟ್ಟಿ ಕೊಟ್ಟಿರ್ತಾರಲ್ಲಪ್ಪಾ" ಎಂದೆ. ಮೇಸ್ತ್ರಿ ಪಾನೆ ಕೆಳಗಿಟ್ಟು ನನ್ನನ್ನು ಕನಿಕರದಿಂದ ನೋಡಿದ. "ಕಂಪನಿಯೋರು ಈರುಳ್ಳಿ ಬೆಳ್ದವ್ರಾ ಸಾರ್?"

ಹಿಂದಿನ ಚಕ್ರ ಬಿಚ್ಚಿದರೆ ಕಾಣುವ ಕಮಾನು ಪಟ್ಟಿ ಬಹಳ ವಿನಯದ ವಸ್ತು. ಉದ್ದದ್ದರ ಕೆಳಗೆ ಗಿಡ್ಡದ್ದು, ಅದರ ಕೆಳಗೆ ಇನ್ನೂ ಗಿಡ್ಡದ್ದು, ನಡುವೆ ಒಂದು ಸೆಂಟರ್ ಬೋಲ್ಟು, ಎರಡೂ ಪಕ್ಕ ಯು ಬೋಲ್ಟು. ಹೊರೆ ಬಿದ್ದರೆ ಬಗ್ಗುತ್ತದೆ, ಇಳಿದರೆ ಏಳುತ್ತದೆ. ಬಗ್ಗುವುದೇ ಅದರ ಕಸುಬು. ಮೇಸ್ತ್ರಿ ಯಾವುದೋ ಹಳೇ ಗಾಡಿಯ ಎರಡು ದಪ್ಪ ಪಟ್ಟಿ ತಂದು, ಕುಲುಮೆಗಿಟ್ಟು, ಸುತ್ತಿಗೆಯಲ್ಲಿ ಬಡಿದು ಬಾಗಿಸಿ, ಈ ಸಂಸಾರದೊಳಗೆ ತುರುಕಿದ. ಹಳೇ ಯು ಬೋಲ್ಟು ಸಾಲದೆ ಉದ್ದದ್ದು ಬಂತು. ಜಾಕ್ ಇಳಿಸಿದಾಗ ಗಾಡಿ ಇಳಿಯಲೇ ಇಲ್ಲ. ನಮ್ಮ ಹುಡುಗ ಕೈ ಮುಗಿದ.

ವಾರದೊಳಗೆ ತಿರುಗಿ ಬಂದ. ಮುಂದೆ ತೀರಾ ತಗ್ಗಾಗಿ ಕಾಣುತ್ತದಂತೆ, ಓಣಿಯ ಹುಡುಗರು ನಗುತ್ತಾರಂತೆ. ಮುಂದಕ್ಕೊಂದು ಪಟ್ಟಿ ಬಿತ್ತು. ಈಗ ಹಿಂಭಾಗ ಮೊದಲಿನಷ್ಟು ಎದ್ದು ಕಾಣುತ್ತಿಲ್ಲವೆಂದು ಹೊಸ ಕೊರಗು. ಶ್ಯಾಕಲ್ ಬದಲಾಯಿತು. ಗಾಡಿ ಹೀಗೆ ಮುಂದೊಮ್ಮೆ ಹಿಂದೊಮ್ಮೆ ಬೆಳೆದೂ ಬೆಳೆದೂ ಕೊನೆಗೆ ಹಮಾಲಿಗಳು ಕೈ ಎತ್ತಿಬಿಟ್ಟರು. "ಚೀಲ ಎದೆ ಮಟ್ಟ ಅಲ್ಲಣ್ಣ, ತಲೆ ಮಟ್ಟ ಎತ್ತಬೇಕು. ಚೀಲಕ್ಕೆ ಎರಡು ರೂಪಾಯಿ ಜಾಸ್ತಿ." ಎತ್ತರಕ್ಕೆ ನಮ್ಮೂರಿನಲ್ಲಿ ಬೆಲೆ ಕೇಳಿದವರು ಅವರೊಬ್ಬರೇ.

ಮೇಸ್ತ್ರಿಯನ್ನು ಬೈಯುವುದು ಸುಲಭ. ಆದರೆ ಬಾಡಿಗೆ ಚೀಲದ ಲೆಕ್ಕ. ಆರ್‌ಸಿಯಲ್ಲಿ ಬರೆದ ಒಂದೂವರೆ ಟನ್ ಎಂದರೆ 50 ಕೆಜಿಯ 30 ಚೀಲ. ಹಿರಿಯೂರಿನಿಂದ ಬೆಂಗಳೂರಿಗೆ ಸುಮಾರು 160 ಕಿಲೋಮೀಟರ್. 30 ಚೀಲದ ಬಾಡಿಗೆಯಲ್ಲಿ ಡೀಸೆಲ್, ಟೋಲ್, ಟೀ, ಸಾಲದ ಕಂತು ಎಲ್ಲ ಕಳೆದರೆ ಉಳಿಯುವುದು ನಿಂಬೆಹಣ್ಣಿನ ದುಡ್ಡು. ಈರುಳ್ಳಿ ಬೆಲೆ ಬಿದ್ದ ವರ್ಷ ರೈತನೂ ಗಾಡಿಯವನ ಜೊತೆ ಚೌಕಾಸಿಗೆ ನಿಲ್ಲುತ್ತಾನೆ. ಹಾಗಾಗಿ ನಮ್ಮ ಹುಡುಗ 55 ಚೀಲ ಹೇರುತ್ತಾನೆ. ಎಂದರೆ ಎರಡು ಮುಕ್ಕಾಲು ಟನ್. ಮೇಲೆ ಅವನು, ಕ್ಲೀನರು, ಕ್ಲೀನರಿನ ಮೊಬೈಲ್‌ ಹಾಡು.

ತಮಾಷೆ ಏನೆಂದರೆ ಪಟ್ಟಿ ಹಾಕಿದ್ದರಿಂದ ಪಟ್ಟಿಗಷ್ಟೇ ಶಕ್ತಿ ಬಂತು. ಆಕ್ಸಲ್ ಅದೇ, ಚಾಸಿ ಅದೇ, ಟೈರು ಅದೇ, ಬ್ರೇಕೂ ಅದೇ. ಬ್ರೇಕಿನ ಕಥೆಯಂತೂ ಕೇಳಿ. ಹಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್ಲಿಗೂ ಚಾಸಿಗೂ ನಡುವೆ ಒಂದು ಸಣ್ಣ ಸರಳು, ಅದಕ್ಕೊಂದು ವಾಲ್ವು ಇರುತ್ತದೆ. ಹೊರೆ ಬಿದ್ದು ಚಾಸಿ ಕೆಳಗಿಳಿದರೆ ವಾಲ್ವಿಗೆ ಗಾಡಿ ತುಂಬಿದೆ ಎಂದು ಗೊತ್ತಾಗಿ ಹಿಂದಿನ ಚಕ್ರಕ್ಕೆ ಹೆಚ್ಚು ಬ್ರೇಕ್ ಒತ್ತಡ ಬಿಡುತ್ತದೆ. ಚಾಸಿ ಮೇಲೆಯೇ ಇದ್ದರೆ ಖಾಲಿ ಎಂದುಕೊಂಡು ಕಡಿಮೆ ಬಿಡುತ್ತದೆ; ಇಲ್ಲದಿದ್ದರೆ ಖಾಲಿ ಗಾಡಿಯ ಚಕ್ರ ಜಾಮ್ ಆಗಿ ಹಿಂಭಾಗ ತಿರುಗಿಬಿಡುತ್ತದೆ. ಇಡೀ ಗಾಡಿಯಲ್ಲಿ ಹೊರೆಯ ಲೆಕ್ಕ ಬರೆಯುವ ಗುಮಾಸ್ತ ಅದೊಂದೇ. ಮೇಸ್ತ್ರಿ ಎರಡು ಪಟ್ಟಿ ಹಾಕಿ ಅದರ ಕಣ್ಣಿಗೆ ಮಣ್ಣೆರಚಿದ. 55 ಚೀಲ ಬಿದ್ದರೂ ಚಾಸಿ ಇಳಿಯುವುದು ಅಷ್ಟಕ್ಕಷ್ಟೇ. ಗುಮಾಸ್ತ ತನ್ನ ಪುಸ್ತಕದಲ್ಲಿ 'ಅರೆ ಖಾಲಿ' ಎಂದು ಬರೆದುಕೊಂಡು ಸುಮ್ಮನಿದ್ದಾನೆ. ಡ್ರೈವರು ಬ್ರೇಕ್ ಒತ್ತುತ್ತಾನೆ.

ನಮ್ಮಜ್ಜನ ಎತ್ತಿನ ಗಾಡಿಗೂ ಈ ರೋಗವಿತ್ತು. ಮುಂಭಾರವಾದರೆ ನೊಗ ಎತ್ತಿನ ಹೆಗಲು ಕಡಿಯುತ್ತಿತ್ತು, ಹಿಂಭಾರವಾದರೆ ಮೂಕಿ ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತಿತ್ತು. ಅಜ್ಜ ಒಂದು ಗೇಣು ಮುಂದಕ್ಕೋ ಹಿಂದಕ್ಕೋ ಸರಿದು ಕೂತು ಸರಿಮಾಡುತ್ತಿದ್ದ. ತೀರಾ ಹೆಚ್ಚು ಹೇರಿದರೆ ಎತ್ತು ನಡುದಾರಿಯಲ್ಲಿ ಮಲಗಿಬಿಡುತ್ತಿತ್ತು. ಲಂಚ ತಿನ್ನದ ಆರ್‌ಟಿಒ ಅದು. ಹುಲ್ಲು ತಿಂದರೂ ಏಳುತ್ತಿರಲಿಲ್ಲ.

ಕಾಯ್ದೆ ಇಲ್ಲವೆಂದಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಹೇಳಿದ್ದಕ್ಕೂ ಆರ್‌ಸಿಗೂ ತಾಳೆಯಾಗದ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಇಂಥ ಬದಲಾವಣೆ ಒಂದಕ್ಕೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸಜೆ, ಅಥವಾ ಎರಡೂ. ಹೆಚ್ಚು ಹೊರೆಗೆ 20,000, ಮೇಲೆ ಹೆಚ್ಚಿನ ಟನ್ನಿಗೆ 2,000. ಓದಿ ಹೇಳಿದೆ. ನಮ್ಮ ಹುಡುಗ ಸ್ವಲ್ಪ ಹೊತ್ತು ಯೋಚಿಸಿ, "ಅಣ್ಣ, ಹಿಂದೆ ಎರಡನ್ನೂ ಒಂದೇ ದಿನ ಹಾಕಿಸಿದ್ದಲ್ವಾ, ಒಂದೇ ಬದಲಾವಣೆ ಆಗುತ್ತೆ" ಎಂದ. ಇವನನ್ನು ವಕೀಲಿ ಓದಿಸದೆ ಚಿಕ್ಕಪ್ಪ ತಪ್ಪು ಮಾಡಿದ.

ಪಟ್ಟಿ ಹಾಕುವ ವಿದ್ಯೆಯಲ್ಲಿ ಸರ್ಕಾರವೇನು ಹಿಂದೆ ಬಿದ್ದಿಲ್ಲ. 2018ರ ಜುಲೈನಲ್ಲಿ ದೊಡ್ಡ ಲಾರಿಗಳ ಹೊರೆಯ ಮಿತಿಯನ್ನು ಶೇ 20ರಿಂದ 25ರಷ್ಟು ಏರಿಸಿತು. ಹಿಂದಿನ ನಾಲ್ಕು ಟೈರಿನ ಒಂಟಿ ಆಕ್ಸಲ್ಲಿಗೆ 10.2 ಟನ್ ಇದ್ದದ್ದು 11.5 ಆಯಿತು. ನಿನ್ನೆಯವರೆಗೆ ಅಪರಾಧವಾಗಿದ್ದ ಹೊರೆ ಬೆಳಗಾಗುವುದರಲ್ಲಿ ನಿಯಮವಾಯಿತು. ಕುಲುಮೆ ಬೇಡ, ಸುತ್ತಿಗೆ ಬೇಡ, ಗೆಜೆಟ್ ಸಾಕು.

ರಸ್ತೆಯೂ ಅಷ್ಟೇ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಪ್ರಕಾರ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ನಮ್ಮ ಹಳ್ಳಿ ರಸ್ತೆಯದು ಒಂದು ಮೊಳ ಅಗಲ, ಒಂದು ಗೇಣು ಎತ್ತರ; ರಾತ್ರಿ ಜಲ್ಲಿ ಸುರಿದು ಬೆಳಿಗ್ಗೆ ಹುಟ್ಟಿದ್ದು. ಅದು ತಳಕ್ಕೆ ತಾಗುತ್ತದೆಂದು ಗಾಡಿ ಎತ್ತರಿಸುತ್ತಾರೆ. ಎತ್ತರದ ಗಾಡಿ ನಿಧಾನಿಸುವುದಿಲ್ಲವೆಂದು ಹಂಪ್ ಎತ್ತರಿಸುತ್ತಾರೆ.

ಎತ್ತರದ ವಿಷಯದಲ್ಲಿ ನಮ್ಮೂರಿಗೆ ಮಾದರಿ ಇಲ್ಲದೆ ಇಲ್ಲ. ಮಾರಿಕಣಿವೆ ಅಣೆಕಟ್ಟೆಯ ಮಟ್ಟ 130 ಅಡಿ. 1933ರಲ್ಲಿ ಕೋಡಿ ಬಿದ್ದದ್ದು ಮತ್ತೆ ಬಿದ್ದದ್ದು 2022ರಲ್ಲಿ, ಆಮೇಲೆ 2025ರ ಜನವರಿಯಲ್ಲಿ. ಅದನ್ನು ಕಟ್ಟಿದವರು, ತುಂಬಲು 89 ವರ್ಷ ಕಾಯಿಸುವ ಊರಿನಲ್ಲೂ, ಹೆಚ್ಚಾದದ್ದು ಹರಿದುಹೋಗಲಿ ಎಂದು ಕೋಡಿ ಬಿಟ್ಟೇ ಕಟ್ಟಿದ್ದರು. ಪಿಕಪ್ಪಿಗೆ ನಾವು ಪಟ್ಟಿ ಹಾಕಿಸಿದೆವು, ಕೋಡಿ ಇಡಲಿಲ್ಲ.

ಆದ್ದರಿಂದ ಹುಳಿಯಾರು ರಸ್ತೆಯಲ್ಲೋ ಹೊಸದುರ್ಗದ ರಸ್ತೆಯಲ್ಲೋ ಬೈಕಿನಲ್ಲಿ ಹೋಗುವವರು ಒಂದು ಮಾತು ಕೇಳಿ. ಮೂತಿ ತಗ್ಗಿಸಿಕೊಂಡು ಕುಪ್ಪಳಿಸುತ್ತ ಬರುವ ಪಿಕಪ್ಪಿಗೆ ಅಷ್ಟು ಹೆದರಬೇಡಿ, ಅದು ಖಾಲಿ. ನೆಟ್ಟಗೆ, ಸಮವಾಗಿ, ಲಕ್ಷಣವಾಗಿ ಬರುವುದು ಕಂಡರೆ ರಸ್ತೆ ಬಿಟ್ಟು ಇಳಿಯಿರಿ. ಅದರಲ್ಲಿ 55 ಚೀಲ ಇದೆ, ವಾಲ್ವಿಗೆ ಗೊತ್ತಿಲ್ಲ.